ನೂರು ಗ್ರಾಮಿನ ಅಪ್ಪುಗೆ

ಮೇಷ್ಟ್ರು ಅಂದಿನ ದಿನಪತ್ರಿಕೆಯಿಂದ ಒಂದು ಹಾಳೆ ಹರಿದು, ಎರಡಾಗಿ ಮಡಚಿ, ನನ್ನ ಎದೆಗೂ ನನ್ನ ಹೆಂಡತಿಯ ಎದೆಗೂ ನಡುವೆ ಇಟ್ಟರು. "ಈಗ ನಡೀರಿ ಸರ್. ಪೇಪರ್ ಬೀಳಬಾರದು, ಮುದುರಲೂಬಾರದು" ಅಂದರು. ಮೊದಲ ಹೆಜ್ಜೆಗೇ ಬಿತ್ತು. ಎರಡನೇ ಸಲ ಬೀಳದ ಹಾಗೆ ಒತ್ತಿ ಹಿಡಿದೆ. ನಾಲ್ಕು ಹೆಜ್ಜೆ ಹೋದೆವು, ಆದರೆ ತೆಗೆದು ನೋಡಿದರೆ ಹಾಳೆ ಕಡಲೇಕಾಯಿ ತಿಂದು ಬಿಸಾಕಿದ ಪೊಟ್ಟಣದಂತಾಗಿತ್ತು. "ರೀ, ನನ್ನನ್ನೇನು ತಳ್ಳೋ ಗಾಡಿ ಅಂದ್ಕೊಂಡಿದ್ದೀರಾ?" ಎಂದಳು ಇವಳು.

ಬೆಂಗಳೂರಿನ ಒಂದು ಮೂರನೇ ಮಹಡಿಯ ಹಾಲಿನಲ್ಲಿ ವಾರಕ್ಕೊಮ್ಮೆ ಟ್ಯಾಂಗೋ ಕಲಿಯಲು ಸೇರುವ ಹತ್ತು ಹನ್ನೆರಡು ಮಂದಿಯಲ್ಲಿ ವಯಸ್ಸಿಗೆ ನಾವೇ ಹಿರಿಯರು. ಕುಣಿತ ನಮಗೆ ಹೊಸದಲ್ಲ. ಊರ ಹಬ್ಬದಲ್ಲಿ ಕೋಲಾಟ ಆಡಿದವನು ನಾನು. ಆದರೆ ಕೋಲಾಟದಲ್ಲಿ ಕೋಲಿಗೆ ಕೋಲು ತಾಗುತ್ತದೆಯೇ ಹೊರತು ಮೈಗೆ ಮೈ ತಾಗುವುದಿಲ್ಲ. ಕಂಸಾಳೆಯಾಗಲಿ ಡೊಳ್ಳಾಗಲಿ, ಪಕ್ಕದವನಿಗೂ ನನಗೂ ನಡುವೆ ತಾಳವಿದೆ, ಗಾಳಿಯಿದೆ. ಇನ್ನು ಗಂಡ ಹೆಂಡತಿ ನಾಲ್ಕು ಜನರೆದುರು ಕೈ ಹಿಡಿದು ಹೆಜ್ಜೆ ಹಾಕಿದ್ದು ಎಂದರೆ ಮದುವೆ ಮಂಟಪದಲ್ಲಿ ಸಪ್ತಪದಿ ತುಳಿದಾಗ. ಅದೂ ಏಳೇ ಹೆಜ್ಜೆ, ಪುರೋಹಿತರ ಮೇಲ್ವಿಚಾರಣೆಯಲ್ಲಿ. ಹಾಗಾಗಿ ಐವತ್ತರ ಹೊಸ್ತಿಲಲ್ಲಿ ಅಪರಿಚಿತರ ನಡುವೆ ಹೆಂಡತಿಯನ್ನು ಅಪ್ಪಿ ನಿಂತಾಗ ನನಗೆ ಮೊದಲು ಬಂದದ್ದು ಬೆವರು.

ಆ ಬೆವರಿಗೂ, ಬಿದ್ದ ಹಾಳೆಗೂ, ಮುದುರಿದ ಹಾಳೆಗೂ ಬೇರೆ ಬೇರೆ ಕಾರಣಗಳಿವೆ. ಅವನ್ನು ಹುಡುಕುತ್ತ ಹೋದರೆ ದೇಹ ತನ್ನನ್ನು ತಾನು ಹೇಗೆ ನಿಲ್ಲಿಸಿಕೊಳ್ಳುತ್ತದೆ, ಇನ್ನೊಂದು ದೇಹದ ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತದೆ ಎಂಬಲ್ಲಿಗೆ ಬಂದು ನಿಲ್ಲುತ್ತೇವೆ.

ಮೊದಲು ಈ ಅಪ್ಪುಗೆಯ ಊರು ಯಾವುದು ನೋಡೋಣ. ಟ್ಯಾಂಗೋ 19ನೇ ಶತಮಾನದ ಕೊನೆಯ ದಶಕಗಳಲ್ಲಿ ರಿಯೊ ದೆ ಲಾ ಪ್ಲಾತಾ ಎಂಬ ವಿಶಾಲ ನದೀಮುಖದ ಎರಡೂ ದಡಗಳಲ್ಲಿ ಬೆಳೆಯಿತು. ಒಂದು ದಡದಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್, ಇನ್ನೊಂದರಲ್ಲಿ ಉರುಗ್ವೆಯ ಮಾಂಟೆವಿಡಿಯೊ. ಇಟಲಿ, ಸ್ಪೇನ್‌ಗಳಿಂದ ಹಡಗು ಹತ್ತಿ ಬಂದ ವಲಸೆಗಾರರು, ಆಫ್ರಿಕಾ ಮೂಲದ ಜನ, ಒಳನಾಡಿನಿಂದ ಕೆಲಸ ಹುಡುಕಿ ಬಂದವರು ಎಲ್ಲರೂ ಬಂದರಿನ ಬಡ ಬಡಾವಣೆಗಳಲ್ಲಿ ಒತ್ತೊತ್ತಾಗಿ ಬದುಕಿದ ಕಾಲ ಅದು. ಗಂಡು ಹೆಣ್ಣು ಎದುರುಬದುರು ಹಿಡಿದುಕೊಂಡು ಕುಣಿಯುವುದನ್ನು ಯುರೋಪಿನ ವಾಲ್ಟ್ಸ್ ಅದಾಗಲೇ ರೂಢಿಗೆ ತಂದಿತ್ತು, ಅದಕ್ಕೂ ಸಾಕಷ್ಟು ಬೈಗುಳ ತಿಂದಿತ್ತು. ಆದರೆ ವಾಲ್ಟ್ಸ್‌ನಲ್ಲಿ ಒಂದೇ ಗಿರಕಿ ಮತ್ತೆ ಮತ್ತೆ ಬರುತ್ತದೆ. ಒಮ್ಮೆ ಕಲಿತರೆ ಇಬ್ಬರಿಗೂ ಮುಂದಿನ ಹೆಜ್ಜೆ ಗೊತ್ತು. ಟ್ಯಾಂಗೋ ಆ ಹಿಡಿತದೊಳಗೆ ಹೊಸದೊಂದನ್ನು ತಂದು ಸೇರಿಸಿತು: ಇದ್ದಕ್ಕಿದ್ದಂತೆ ನಿಲ್ಲುವುದು, ತಿರುಗುವುದು, ಹಿಂದಕ್ಕೆ ಬರುವುದು, ಬೇಕಾದರೆ ಮತ್ತೆ ನಿಲ್ಲುವುದು. ಮುಂದಿನ ಹೆಜ್ಜೆ ಯಾವುದೆಂದು ಮೊದಲೇ ಬರೆದಿಟ್ಟಿರುವುದಿಲ್ಲ. ಸಂಗೀತ ಕೇಳುತ್ತ, ಮುಂದೆ ಜಾಗ ಇದೆಯೇ ನೋಡುತ್ತ, ಲೀಡ್ ಮಾಡುವವರು ಅಲ್ಲಲ್ಲೇ ತೀರ್ಮಾನಿಸುತ್ತಾರೆ. ಫಾಲೋ ಮಾಡುವವರಿಗೆ ಅದು ಬಾಯಿ ಮಾತಿಲ್ಲದೆ ತಿಳಿಯಬೇಕು.

ಅಲ್ಲಿಗೆ ಅಪ್ಪುಗೆ ಅಲಂಕಾರವಾಗಿ ಉಳಿಯಲಿಲ್ಲ, ಸುದ್ದಿ ಸಾಗಿಸುವ ತಂತಿಯಾಯಿತು.

1910ರ ದಶಕದ ಆರಂಭದಲ್ಲಿ ಟ್ಯಾಂಗೋ ಪ್ಯಾರಿಸ್ಸಿಗೆ ಹೋಗಿ ಹುಚ್ಚೆಬ್ಬಿಸಿತು. 1913ರಲ್ಲಿ ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್, ಸಮವಸ್ತ್ರದಲ್ಲಿರುವ ಅಧಿಕಾರಿಗಳು ಇದನ್ನು ಕುಣಿಯಕೂಡದೆಂದು ಅಪ್ಪಣೆ ಹೊರಡಿಸಿದ. 1930ರ ದಶಕದ ನಡುಭಾಗದಿಂದ ಸುಮಾರು ಇಪ್ಪತ್ತು ವರ್ಷ ಟ್ಯಾಂಗೋದ ಸುವರ್ಣಯುಗ ಎನ್ನುತ್ತಾರೆ. ಹುವಾನ್ ದಾರಿಯೆನ್ಸೊ, ಕಾರ್ಲೋಸ್ ದಿ ಸಾರ್ಲಿ, ಅನಿಬಾಲ್ ತ್ರೊಯ್ಲೊ, ಓಸ್ವಾಲ್ದೊ ಪುಗ್ಲಿಯೆಸೆ ಇವರ ವಾದ್ಯವೃಂದಗಳು ಬ್ಯೂನಸ್ ಐರಿಸ್ಸಿನ ಕ್ಲಬ್ಬುಗಳನ್ನು ತುಂಬಿಸುತ್ತಿದ್ದ ಕಾಲ. ನಗರದ ನಡುವಿನ ಹಾಲ್‌ಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹೆಜ್ಜೆ ಚಿಕ್ಕದಾಯಿತು, ಜೋಡಿ ಇನ್ನೂ ಹತ್ತಿರವಾಯಿತು. ಆ ಬಿಗಿ ಹತ್ತಿರದ ರೀತಿಗೆ 1990ರ ದಶಕದಲ್ಲಿ 'ಮಿಲೊಂಗೆರೊ ಶೈಲಿ' ಎಂಬ ಹೆಸರು ಚಲಾವಣೆಗೆ ಬಂತು. ಮಿಲೊಂಗಾ ಎಂದರೆ ಟ್ಯಾಂಗೋ ಕುಣಿಯುವ ಕೂಟ. 2009ರಲ್ಲಿ ಯುನೆಸ್ಕೊ ಅರ್ಜೆಂಟೀನಾ, ಉರುಗ್ವೆ ಎರಡರ ಹೆಸರಲ್ಲೂ ಟ್ಯಾಂಗೋವನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಿಡಿತ ಹೀಗಿರುತ್ತದೆ. ಲೀಡ್ ಮಾಡುವವರ ಬಲಗೈ ಎದುರಿನವರ ಬೆನ್ನನ್ನು ಬಳಸುತ್ತದೆ. ಎದುರಿನವರ ಎಡಗೈ ಇವರ ಹೆಗಲ ಮೇಲೆ ಹಾಯ್ದು ಬೆನ್ನ ಮೇಲ್ಭಾಗದಲ್ಲಿ ಕೂರುತ್ತದೆ. ಇನ್ನೆರಡು ಕೈಗಳು ಬದಿಯಲ್ಲಿ ಒಂದನ್ನೊಂದು ಹಿಡಿದಿರುತ್ತವೆ. ಎದೆಗೆ ಎದೆ ತಾಗಿರುತ್ತದೆ, ತಲೆಗಳು ಅಕ್ಕಪಕ್ಕ. ಸೊಂಟದಿಂದ ಕೆಳಗೆ ಮಾತ್ರ ಜಾಗ ಬಿಟ್ಟಿರಬೇಕು, ಇಲ್ಲದಿದ್ದರೆ ಕಾಲು ಹಾಕುವುದೆಲ್ಲಿ? ಮೇಲೆ ಅಂಟು, ಕೆಳಗೆ ಅಂತರ. ಕಲಿಯುವವರೆಲ್ಲ ಇದನ್ನು ತಲೆಕೆಳಗು ಮಾಡುತ್ತಾರೆ. ಸಂಕೋಚಕ್ಕೆ ಎದೆ ಹಿಂದೆ ಸರಿಯುತ್ತದೆ, ಹೊಟ್ಟೆ ಮುಂದೆ ಬರುತ್ತದೆ, ಎದುರಿನವರ ಕಾಲ್ಬೆರಳು ಜಜ್ಜಿಹೋಗುತ್ತದೆ. ನನ್ನ ಹೊಟ್ಟೆಯ ವಿಷಯದಲ್ಲಿ ಸಂಕೋಚವನ್ನಷ್ಟೇ ದೂರುವುದು ನ್ಯಾಯವಲ್ಲ, ಬಿಡಿ.

ಈಗ ಬೆವರಿನ ವಿಷಯ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1966ರಲ್ಲಿ ಬರೆದ ಪುಸ್ತಕವೊಂದರಲ್ಲಿ ಮನುಷ್ಯರು ತಮ್ಮ ಸುತ್ತ ಇಟ್ಟುಕೊಳ್ಳುವ ಅಂತರಗಳನ್ನು ಅಳೆದು ವಿಂಗಡಿಸಿದರು. ಅವರ ಸುತ್ತಲಿನ ಅಮೆರಿಕನ್ನರ ಲೆಕ್ಕದಲ್ಲಿ ಸುಮಾರು 45 ಸೆಂಟಿಮೀಟರಿನ ಒಳಗೆ ಬರಲು ಹಕ್ಕಿರುವುದು ತೀರ ಆಪ್ತರಿಗೆ ಮಾತ್ರ. ಈ ಗೆರೆ ನಾಡಿನಿಂದ ನಾಡಿಗೆ ಬದಲಾಗುತ್ತದೆ ಎಂದೂ ಹಾಲ್ ಒತ್ತಿ ಹೇಳಿದ್ದರು. ನಮ್ಮ ಸಿಟಿ ಬಸ್ಸಿನಲ್ಲಿ ಸಂಜೆ ಆರಕ್ಕೆ ನಿಂತವರು ಈ ಗೆರೆಯನ್ನು ಕಂಡೇ ಇಲ್ಲ. ಹಾಗಾದರೆ ಬಸ್ಸಿನಲ್ಲಿ ಬಾರದ ಸಂಕೋಚ ಇಲ್ಲೇಕೆ? ಇಕ್ಕಟ್ಟಿನ ವಾಹನದಲ್ಲಿ ಜನ ಏನು ಮಾಡುತ್ತಾರೆ ಎಂಬುದನ್ನೂ ಹಾಲ್ ಗಮನಿಸಿದ್ದರು. ಅಲುಗದೆ ನಿಲ್ಲುತ್ತಾರೆ, ತಾಗಿದ ಭಾಗದ ಸ್ನಾಯುಗಳನ್ನು ಬಿಗಿಹಿಡಿಯುತ್ತಾರೆ, ಕಣ್ಣನ್ನು ದೂರದಲ್ಲೆಲ್ಲೋ ನೆಡುತ್ತಾರೆ. ಪಕ್ಕದಲ್ಲಿರುವುದು ಮನುಷ್ಯನಲ್ಲ, ಮೂಟೆ ಎಂಬ ಒಪ್ಪಂದ. ಅಪ್ಪುಗೆಯಲ್ಲಿ ಈ ಒಪ್ಪಂದ ನಡೆಯುವುದಿಲ್ಲ. ಅಲ್ಲಿ ಎದುರಿನವರು ಮನುಷ್ಯರೆಂದು ಒಪ್ಪಿಕೊಂಡೇ ತಾಗಬೇಕು. ನಾವೋ, ಬಸ್ಸಿನ ಮೈಯನ್ನೇ ಹೊತ್ತು ತರಗತಿಗೆ ಬರುತ್ತೇವೆ.

ಬ್ಯೂನಸ್ ಐರಿಸ್ಸಿನವರು ಇದಕ್ಕೊಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ, ನನಗದು ಬಹಳ ಹಿಡಿಸಿತು. ಮಿಲೊಂಗಾದಲ್ಲಿ ಹತ್ತಿರ ಹೋಗಿ ಕೈ ಚಾಚಿ ಕರೆಯುವುದಿಲ್ಲ. ಹಾಲಿನ ಆಚೆ ಬದಿಯಿಂದ ಕಣ್ಣು ಹಾಯಿಸಬೇಕು. ಅವರೂ ನೋಡಿದರೆ ತಲೆಯನ್ನು ತುಸುವೇ ಬಾಗಿಸಬೇಕು. ಇದಕ್ಕೆ ಕಬೆಸೆಯೊ ಎಂದು ಹೆಸರು. ಮನಸ್ಸಿಲ್ಲದವರು ಕಣ್ಣು ಬೇರೆಡೆ ತಿರುಗಿಸಿದರಾಯಿತು, ಯಾರ ಮಾನವೂ ಹೋಗುವುದಿಲ್ಲ. ಹಾಡುಗಳು ಮೂರು ಅಥವಾ ನಾಲ್ಕರ ಕಂತುಗಳಲ್ಲಿ ಬರುತ್ತವೆ. ಒಂದು ಕಂತು ಹತ್ತು ಹನ್ನೆರಡು ನಿಮಿಷ. ಆಮೇಲೆ ಬೇರೆಯೇ ಜಾತಿಯ ಸಂಗೀತದ ತುಣುಕೊಂದು ಪರದೆಯಂತೆ ಬೀಳುತ್ತದೆ, ಎಲ್ಲರೂ ಕೈ ಬಿಟ್ಟು ತಮ್ಮ ತಮ್ಮ ಜಾಗಕ್ಕೆ ಹೋಗುತ್ತಾರೆ. ಅಂಗಳದ ಸುತ್ತ ಜೋಡಿಗಳು ಗಡಿಯಾರದ ಮುಳ್ಳಿಗೆ ಎದುರಾಗಿ, ಒಂದರ ಹಿಂದೆ ಒಂದು ಸಾಗುತ್ತವೆ. ಆರಂಭ, ಅಂತ್ಯ, ದಿಕ್ಕು ಮೂರೂ ಗೊತ್ತಿರುವುದರಿಂದಲೇ ಅಪರಿಚಿತರ ಅಪ್ಪುಗೆ ಸಹ್ಯವಾಗುತ್ತದೆ.

ಮೈ ಬಿಗಿಯುವುದಕ್ಕೆ ಸಂಕೋಚವೊಂದೇ ಕಾರಣವಲ್ಲ. ರಷ್ಯಾದ ಶರೀರವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ 1920ರ ದಶಕದಲ್ಲಿ ಮಾಸ್ಕೋದಲ್ಲಿ ಕೆಲಸಗಾರರು ಸುತ್ತಿಗೆ ಬೀಸುವುದನ್ನು ಚಿತ್ರೀಕರಿಸಿ ನೋಡಿದರು. ಪಳಗಿದವರ ಸುತ್ತಿಗೆಯ ತುದಿ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಕಡೆ ಬೀಳುತ್ತಿತ್ತು. ಆದರೆ ಭುಜ, ಮೊಣಕೈ, ಮಣಿಕಟ್ಟುಗಳು ಪ್ರತಿ ಸಲವೂ ಬೇರೆ ಬೇರೆ ದಾರಿ ಹಿಡಿಯುತ್ತಿದ್ದವು. ಒಂದು ಕೀಲು ತಪ್ಪಿದರೆ ಇನ್ನೊಂದು ಸರಿಪಡಿಸುತ್ತಿತ್ತು. ನಮ್ಮ ದೇಹದಲ್ಲಿ ಅಗತ್ಯಕ್ಕಿಂತ ಎಷ್ಟೋ ಹೆಚ್ಚು ಕೀಲು, ಸ್ನಾಯುಗಳ ಆಯ್ಕೆಗಳಿವೆ, ಅವನ್ನೆಲ್ಲ ಆಳುವುದೇ ಮಿದುಳಿನ ದೊಡ್ಡ ತಲೆನೋವು ಎಂದರು ಬರ್ನ್‌ಸ್ಟೈನ್. ಹೊಸಬರು ಈ ತಲೆನೋವನ್ನು ಸುಲಭದಲ್ಲಿ ಕಳೆದುಕೊಳ್ಳುತ್ತಾರೆ: ಬಹುಪಾಲು ಕೀಲುಗಳಿಗೆ ಬೀಗ ಹಾಕಿಬಿಡುತ್ತಾರೆ. ಮೊದಲ ಸಲ ಸೈಕಲ್ ಹತ್ತಿದ ಹುಡುಗನ ಮೊಣಕೈ ನೋಡಿ, ಹೊಸದಾಗಿ ಸ್ಕೂಟರ್ ಕಲಿಯುವವರ ಹೆಗಲು ನೋಡಿ. 1990ರ ದಶಕದ ಆರಂಭದಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಸ್ಕೀಯಿಂಗ್ ಅಭ್ಯಾಸದ ಯಂತ್ರದ ಮೇಲೆ ಹೊಸಬರನ್ನು ನಿಲ್ಲಿಸಿ ಕಾಲಿನ, ಮುಂಡದ ಕೀಲುಗಳನ್ನು ಅಳೆದಾಗ ಇದೇ ಕಂಡಿತು. ಮೊದಮೊದಲು ಬಿಗಿ, ಅಭ್ಯಾಸವಾದಂತೆ ಒಂದೊಂದೇ ಕೀಲಿನ ಬೀಗ ತೆರೆಯುತ್ತದೆ.

ಆದ್ದರಿಂದ "ರಿಲ್ಯಾಕ್ಸ್ ಸರ್, ರಿಲ್ಯಾಕ್ಸ್" ಎಂದು ಹೊಸಬನಿಗೆ ಕೂಗಿ ಹೇಳುವುದರಿಂದ ಏನೂ ಆಗದು. ಬಿಗಿಯಾಗಿರುವುದು ಅವನ ತಪ್ಪಲ್ಲ, ಬೀಳದಿರಲು ಅವನ ಮಿದುಳು ಕಂಡುಕೊಂಡ ತಾತ್ಕಾಲಿಕ ಉಪಾಯ. ಅದು ಬಿಡುವುದು ಮಾತಿನಿಂದಲ್ಲ, ಸಾವಿರ ಹೆಜ್ಜೆಗಳಿಂದ.

ಹಾಳೆ ಮುದುರಿದ್ದಕ್ಕೆ ಬರೋಣ. ನಾನು ಒತ್ತಿದೆ ಎಂದು ಇವಳ ದೂರು. ಅವಳೇ ಒತ್ತಿದಳು ಎಂದು ನನ್ನ ದೂರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. 2003ರಲ್ಲಿ ಲಂಡನ್ನಿನಲ್ಲಿ ಸುಖ್ವಿಂದರ್ ಶೆರ್ಗಿಲ್ ಮತ್ತು ಸಂಗಡಿಗರು ಒಂದು ಚಿಕ್ಕ, ಚೊಕ್ಕ ಪ್ರಯೋಗ ಪ್ರಕಟಿಸಿದರು. ಇಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರು ಇನ್ನೊಬ್ಬರ ಬೆರಳನ್ನು ಯಂತ್ರದ ಸನ್ನೆಯ ಮೂಲಕ ಸರದಿಯಂತೆ ಒತ್ತಬೇಕೆಂದು ಹೇಳಿದರು. ನಿಯಮ ಒಂದೇ: ನಿಮ್ಮ ಬೆರಳ ಮೇಲೆ ಎಷ್ಟು ಒತ್ತಡ ಬಿತ್ತೋ ಅಷ್ಟನ್ನೇ ಹಿಂದಿರುಗಿಸಿ. ಕೆಲವೇ ಸರದಿಗಳಲ್ಲಿ ಒತ್ತಡ ಏರುತ್ತ ಏರುತ್ತ ಹೋಯಿತು. ನಾವೇ ಹಾಕುವ ಬಲವನ್ನು ಮಿದುಳು ಮೊದಲೇ ಊಹಿಸಿ, ಅದರ ಅನುಭವವನ್ನು ತಗ್ಗಿಸಿಬಿಡುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಳ್ಳಲಾಗದಿರುವುದೂ ಇದರಿಂದಲೇ. ಇನ್ನೊಬ್ಬರು ಹಾಕಿದ ಬಲಕ್ಕೆ ಈ ರಿಯಾಯಿತಿ ಇಲ್ಲ, ಅದು ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಸಮನಾಗಿ ಕೊಟ್ಟೆನೆಂದು ನಾನು ಪ್ರಾಮಾಣಿಕವಾಗಿ ನಂಬಿದಾಗಲೂ ಹೆಚ್ಚೇ ಕೊಟ್ಟಿರುತ್ತೇನೆ. "ಅಮ್ಮಾ, ಅವನೇ ಜೋರಾಗಿ ಹೊಡೆದದ್ದು" ಎಂದು ಅಣ್ಣ ತಮ್ಮ ಇಬ್ಬರೂ ಅಳುತ್ತ ಬಂದಾಗ ಅಮ್ಮಂದಿರು ಈ ಪ್ರಯೋಗವನ್ನು ನೆನೆಯುವುದು ಒಳ್ಳೆಯದು.

ಅಪ್ಪುಗೆಯೊಳಗೂ ಇದೇ ಏರಾಟ. ನಾನು ಚೂರು ಒತ್ತುತ್ತೇನೆ, ಅವಳು ಬೀಳದಿರಲು ಚೂರು ಹೆಚ್ಚು ಒತ್ತುತ್ತಾಳೆ, ಅದಕ್ಕೆ ನಾನು ಇನ್ನೂ ಚೂರು. ಎರಡು ನಿಮಿಷದಲ್ಲಿ ಅದು ಕುಸ್ತಿ ಅಖಾಡ. ಇದರಿಂದ ಆಗುವ ನಿಜವಾದ ನಷ್ಟ ಕಾಗದದ್ದಲ್ಲ. ಜರ್ಮನಿಯ ಅರ್ನ್ಸ್ಟ್ ವೆಬರ್ 1834ರಲ್ಲೇ ತೋರಿಸಿದ್ದರು: ಕೈಯಲ್ಲಿರುವ ಭಾರ ಬದಲಾಯಿತೆಂದು ತಿಳಿಯಲು ಎಷ್ಟು ಹೆಚ್ಚಬೇಕು ಎಂಬುದು, ಈಗಾಗಲೇ ಎಷ್ಟು ಭಾರವಿದೆ ಎಂಬುದರ ಮೇಲೆ ನಿಂತಿದೆ. ಕೊತ್ತಂಬರಿ ಕಟ್ಟು ಹಿಡಿದ ಕೈಗೆ ಒಂದು ನಿಂಬೆಹಣ್ಣು ಸೇರಿದರೆ ತಿಳಿಯುತ್ತದೆ, ಹತ್ತು ಕೇಜಿ ಅಕ್ಕಿ ಚೀಲ ಹಿಡಿದ ಕೈಗೆ ತಿಳಿಯುವುದಿಲ್ಲ. ಲೆಕ್ಕ ಸುಲಭವಾಗಲೆಂದು ಹತ್ತರಲ್ಲೊಂದು ಪಾಲು ಬದಲಾದರೆ ತಿಳಿಯುತ್ತದೆ ಎಂದಿಟ್ಟುಕೊಳ್ಳಿ. ನಾವಿಬ್ಬರೂ ಎರಡು ಕೇಜಿ ಭಾರದಷ್ಟು ಒತ್ತಿ ನಿಂತಿದ್ದರೆ, 200 ಗ್ರಾಮಿಗಿಂತ ಕಡಿಮೆಯ ಯಾವ ಸೂಚನೆಯೂ ಇವಳನ್ನು ತಲುಪುವುದಿಲ್ಲ. ನೂರು ಗ್ರಾಮಿನಷ್ಟು ತಾಗಿ ನಿಂತಿದ್ದರೆ ಹತ್ತು ಗ್ರಾಮಿನ ಪಿಸುಮಾತೂ ಕೇಳಿಸುತ್ತದೆ.

ನೂರು ಗ್ರಾಂ ಎಂದದ್ದು ಬಾಯಿಗೆ ಬಂದ ಅಂಕಿ ಅಲ್ಲ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಜಾನ್ ಜೆಕಾ ಮತ್ತು ಜೇಮ್ಸ್ ಲಾಕ್ನರ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರನ್ನು ಒಂದು ಪಾದದ ಹಿಂದೆ ಇನ್ನೊಂದು ಪಾದ ಇಟ್ಟು ನಿಲ್ಲಿಸಿದರು. ಹಗ್ಗದ ಮೇಲೆ ನಿಂತ ದೊಂಬರಾಟದವರಂತೆ. ಹಾಗೆ ನಿಂತು ಕಣ್ಣು ಮುಚ್ಚಿದರೆ ಯಾರಾದರೂ ತೂಗಾಡುತ್ತಾರೆ. ಪಕ್ಕದಲ್ಲೊಂದು ಪಟ್ಟಿ ಇತ್ತು, ಅದನ್ನು ತೋರುಬೆರಳ ತುದಿಯಿಂದ ಮುಟ್ಟಬಹುದು. ಆದರೆ ಒತ್ತಡ ಸುಮಾರು 100 ಗ್ರಾಂ ಭಾರ ಮೀರಿದರೆ ಎಚ್ಚರಿಕೆಯ ಸದ್ದು ಬರುತ್ತದೆ. ಅಷ್ಟು ಹಗುರವಾದ ಸ್ಪರ್ಶದಿಂದಲೇ ತೂಗಾಟ ತಗ್ಗಿತು, ಪಟ್ಟಿಯನ್ನು ಬೇಕಾದಷ್ಟು ಬಲವಾಗಿ ಊರಿ ನಿಂತಾಗ ತಗ್ಗಿದಷ್ಟೇ. ನೂರು ಗ್ರಾಂ ಆಸರೆ ಅರವತ್ತು ಕೇಜಿ ಮೈಯನ್ನು ಹಿಡಿದು ನಿಲ್ಲಿಸಲಾರದು. ಅದು ಕೊಟ್ಟದ್ದು ಸುದ್ದಿ. ಮೈ ಯಾವ ಕಡೆ ವಾಲುತ್ತಿದೆ ಎಂದು ಬೆರಳತುದಿ ಮುಂಚಿತವಾಗಿ ತಿಳಿಸಿತು, ಕಾಲಿನ ಸ್ನಾಯುಗಳು ಕೆಲಸ ಮಾಡಿದವು. ಇಬ್ಬರು ಮನುಷ್ಯರು ಬೆರಳಿಗೆ ಬೆರಳು ತಾಗಿಸಿ ನಿಂತರೂ ಇಬ್ಬರ ತೂಗಾಟವೂ ತಗ್ಗುತ್ತದೆ, ಉಳಿದ ತೂಗಾಟ ಒಂದೇ ಲಯಕ್ಕೆ ಬರುತ್ತದೆ ಎಂಬುದನ್ನು ಆಮೇಲಿನ ಪ್ರಯೋಗಗಳು ತೋರಿಸಿದವು.

ಓದುವುದನ್ನು ಇಲ್ಲಿಗೆ ನಿಲ್ಲಿಸಿ ನೀವೇ ನೋಡಬಹುದು. ಗೋಡೆಯ ಪಕ್ಕ ಒಂಟಿಕಾಲಲ್ಲಿ ನಿಂತು ಕಣ್ಣು ಮುಚ್ಚಿ, ಹತ್ತು ಎಣಿಸಿ. ಆಮೇಲೆ ಅದನ್ನೇ ಗೋಡೆಗೆ ಒಂದು ಬೆರಳು ತಾಗಿಸಿ ಮಾಡಿ, ಒರಗಬೇಡಿ. (ಮೊಣಕಾಲು ನೋವಿನವರು, ತಲೆಸುತ್ತಿನವರು ಈ ಪ್ರಯೋಗವನ್ನು ಮೊಮ್ಮಕ್ಕಳ ಮೇಲೆ ಮಾಡಲಿ.)

ಹಗುರವಾದಷ್ಟೂ ಒಳ್ಳೆಯದು ಎಂದಾದರೆ ಮೊದಲ ಸಲ ಹಾಳೆ ಬಿದ್ದದ್ದೂ ಸರಿಯೇ ಅಲ್ಲವೇ? ಅಲ್ಲ. ಬೆಂಕಿಪೊಟ್ಟಣದ ಫೋನು ಮಾಡಿ ಆಡಿದವರಿಗೆ ಇದು ಗೊತ್ತು. ದಾರ ಜೋತುಬಿದ್ದರೆ ಆಚೆ ಪೊಟ್ಟಣದಲ್ಲಿ ಮಾತು ಕೇಳಿಸುವುದೇ ಇಲ್ಲ, ಜಗ್ಗಿದರೆ ದಾರ ಕಿತ್ತುಬರುತ್ತದೆ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಲೋಲಕದಂತೆ ತೂಗುವ ಕೋಲೊಂದನ್ನು ಎರಡು ಹಗ್ಗಗಳಿಂದ ಆಚೀಚೆ ಆಡಿಸಬೇಕಿತ್ತು. ಒಬ್ಬರೇ ಎರಡೂ ಕೈಯಿಂದ ಆಡಿಸುವಾಗ ಎಷ್ಟು ಬೇಕೋ ಅಷ್ಟೇ ಎಳೆದರು. ಒಂದೊಂದು ಹಗ್ಗ ಒಬ್ಬೊಬ್ಬರ ಕೈಗೆ ಬಂದಾಗ ಇಬ್ಬರೂ ಒಂದೇ ಹೊತ್ತಿಗೆ ಒಂದಿಷ್ಟು ಹೆಚ್ಚೇ ಎಳೆದುಕೊಂಡರು. ಕೋಲು ತೂಗಲು ಆ ಹೆಚ್ಚಿನ ಎಳೆತ ಬೇಕಿರಲಿಲ್ಲ. ಆಚೆ ಬದಿಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲು ಬೇಕಿತ್ತು. ಹಾಳೆ ಬೀಳಬಾರದು ಎಂದರೆ ದಾರ ಜೋತುಬೀಳಬಾರದು ಎಂದರ್ಥ.

ಮಿಲೊಂಗೆರೊ ಶೈಲಿಯಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ತುಸು ವಾಲಿರುತ್ತಾರೆ, ಬದಿಯಿಂದ ನೋಡಿದರೆ ಒಂದಕ್ಕೊಂದು ಒರಗಿಸಿಟ್ಟ ಎರಡು ಏಣಿಗಳಂತೆ. ಒಂದು ಲೆಕ್ಕ ಹಾಕಿ ನೋಡಿದೆ. 60 ಕೇಜಿ ತೂಕದ ವ್ಯಕ್ತಿ, ಗುರುತ್ವ ಕೇಂದ್ರ ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿ, ಎದೆ ತಾಗುವ ಜಾಗ 120 ಸೆಂಟಿಮೀಟರ್ ಎತ್ತರದಲ್ಲಿ. ಪಾದದ ಮುಂಭಾಗದ ಮೇಲೆ ತಕ್ಕಡಿಯಂತೆ ಸಮತೋಲನದಲ್ಲಿ ನಿಂತ ಆ ವ್ಯಕ್ತಿ ಅಲ್ಲಿಂದ ಒಂದು ಡಿಗ್ರಿ ಮುಂದಕ್ಕೆ ವಾಲಿದರೆ ಎದುರಿನವರ ಎದೆಯ ಮೇಲೆ ಬೀಳುವುದು ಸುಮಾರು 800 ಗ್ರಾಂ ಭಾರ. ಮೂರು ಡಿಗ್ರಿ ವಾಲಿದರೆ 2.3 ಕೇಜಿಗಿಂತ ಹೆಚ್ಚು. ಹತ್ತು ಡಿಗ್ರಿಗೆ ಸುಮಾರು ಎಂಟು ಕೇಜಿ. ವೇದಿಕೆಯ ಮೇಲೆ ಕಣ್ಣು ಕುಕ್ಕುವಂತೆ ವಾಲುವವರು ಹೊರುವ ಹೊರೆ ಅದು. ಹಳೆಯ ಮಿಲೊಂಗಾಗಳಲ್ಲಿ ವಾಲಿದಂತೆ ಕಾಣುವ ಅಜ್ಜಂದಿರು, ಅಜ್ಜಿಯಂದಿರು ನಿಜಕ್ಕೆ ತಂತಮ್ಮ ಕಾಲ ಮೇಲೇ ನಿಂತಿರುತ್ತಾರೆ, ಎದೆಯನ್ನಷ್ಟೇ ಮುಂದೆ ನೀಡಿರುತ್ತಾರೆ. ನಮ್ಮ ಮೇಷ್ಟ್ರು ಇದನ್ನು ಹೇಳಿದ್ದು ಬೇರೆ ರೀತಿ: "ಸರ್, ನಿಮ್ಮ ಪಾರ್ಟ್ನರ್ ಈಗ ಪಕ್ಕಕ್ಕೆ ಹೋದರೆ ನೀವು ಬೀಳ್ತೀರಾ? ಬೀಳೋದಾದ್ರೆ ನೀವು ಅಪ್ಪಿಕೊಂಡಿಲ್ಲ, ನೇತಾಡ್ತಿದ್ದೀರಿ."

ಇಷ್ಟಾಗಿಯೂ ಇವಳಿಗೆ ನನ್ನ ಮುಂದಿನ ಹೆಜ್ಜೆ ಗೊತ್ತಾಗುವುದು ಹೇಗೆ? ನಡಿಗೆಯ ಶರೀರಶಾಸ್ತ್ರದ ಅತಿ ಸುಂದರ ಭಾಗ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ನಿಂತಲ್ಲಿಂದ ಹೆಜ್ಜೆ ಎತ್ತುವ ಮೊದಲೇ ದೇಹ ಕೆಲಸ ಶುರುಮಾಡಿರುತ್ತದೆ. ಮೀನಖಂಡದ ಸ್ನಾಯು ಮೌನವಾಗುತ್ತದೆ, ಮೊಣಕಾಲ ಕೆಳಗಿನ ಎಲುಬಿನ ಮುಂಬದಿಯ ಸ್ನಾಯು ಎಚ್ಚರಾಗುತ್ತದೆ, ಪಾದದಡಿಯ ಒತ್ತಡ ಹಿಮ್ಮಡಿಯ ಕಡೆಗೂ ಎತ್ತಬೇಕಾದ ಕಾಲಿನ ಕಡೆಗೂ ಸರಿಯುತ್ತದೆ. ಅದರ ಫಲವಾಗಿ ಮೈ ಮುಂದಕ್ಕೂ, ಊರಿರುವ ಕಾಲಿನ ಕಡೆಗೂ ಜಾರತೊಡಗುತ್ತದೆ. ಇದಕ್ಕೆಲ್ಲ ಅರ್ಧ ಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಆಮೇಲಷ್ಟೇ ಕಾಲು ಏಳುವುದು. ಅಂದರೆ ಕಾಲು ಹೊರಡುವ ಸುದ್ದಿ ಎದೆಗೆ ಮೊದಲೇ ಗೊತ್ತು. ಟ್ಯಾಂಗೋದ ನಡಿಗೆ ಸುಮಾರು ಸೆಕೆಂಡಿಗೊಂದು ಹೆಜ್ಜೆ, ಸ್ಪರ್ಶಕ್ಕೆ ನಮ್ಮ ಪ್ರತಿಕ್ರಿಯೆಯ ಸಮಯ ಅದರ ಆರರಲ್ಲಿ ಒಂದು ಪಾಲಿನಷ್ಟು. ಎದೆಯಿಂದ ಎದೆಗೆ ಸುದ್ದಿ ಬಂದರೆ ಫಾಲೋ ಮಾಡುವವರಿಗೆ ಬೇಕಾದಷ್ಟು ಹೊತ್ತಿದೆ. ಅವರು ಕಣ್ಣು ಮುಚ್ಚಿಯೇ ಕುಣಿಯಬಲ್ಲರು, ಬಹಳ ಜನ ಹಾಗೇ ಕುಣಿಯುತ್ತಾರೆ. ಅದೇ ಅವರು ನನ್ನ ಪಾದ ನೋಡುತ್ತ ನಿಂತರೆ, ಅರ್ಧ ಸೆಕೆಂಡು ಹಳೆಯ ಸುದ್ದಿ ಓದುತ್ತಿರುತ್ತಾರೆ.

ಬೈಕಿನ ಹಿಂದೆ ಕೂತವರನ್ನು ನೆನಪಿಸಿಕೊಳ್ಳಿ. ಪಳಗಿದ ಹಿಂಬದಿ ಸವಾರ ತಿರುವಿನಲ್ಲಿ ತನಗೆ ತಿಳಿಯದಂತೆ ವಾಲುತ್ತಾನೆ, ಮುಂದಿನವನಿಗೆ ಹಿಂದೆ ಯಾರೋ ಇದ್ದಾರೆ ಎಂಬುದೇ ಮರೆತುಹೋಗುತ್ತದೆ. ಹೊಸಬ ತಿರುವು ಕಂಡು ಹೆದರಿ ಎದುರು ದಿಕ್ಕಿಗೆ ನೆಟ್ಟಗಾಗುತ್ತಾನೆ. ನಾವು ಕಾಲು ನೋಡುವುದೂ ಇದೇ ಹೆದರಿಕೆಯಿಂದ, ಅದಕ್ಕೆ ಬೇರೆ ದಂಡವೂ ಇದೆ. ನಾಲ್ಕೂವರೆ ಐದು ಕೇಜಿಯ ತಲೆ ಮುಂದೆ ಬಾಗಿದರೆ ಬೆನ್ನು ಗೂನಾಗುತ್ತದೆ, ಎದೆ ಒಳಕ್ಕೆ ಹೋಗುತ್ತದೆ, ಹಾಳೆ ಬೀಳುತ್ತದೆ.

ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಕಜುಹಿರೊ ಕೊಸುಗೆ ಅವರ ತಂಡ ಈ ಜಾಣ್ಮೆಯನ್ನು ಯಂತ್ರಕ್ಕೆ ಕಲಿಸಲು ಹೋಯಿತು. 2005ರ ಹೊತ್ತಿಗೆ ಅವರು ತೋರಿಸಿದ ವಾಲ್ಟ್ಸ್ ರೋಬಾಟಿನ ನಡುವಿನ ಬಳಿ ಬಲ ಅಳೆಯುವ ಸಂವೇದಕವಿತ್ತು. ಗಂಡಾಳು ಎತ್ತ ತಳ್ಳುತ್ತಾನೆ, ಎತ್ತ ಎಳೆಯುತ್ತಾನೆ ಎಂಬುದರಿಂದ ಮುಂದಿನ ಹೆಜ್ಜೆಯನ್ನು ಅದು ಊಹಿಸುತ್ತಿತ್ತು. ಅದರಡಿಯಲ್ಲಿ ಕಾಲಿರಲಿಲ್ಲ, ಚಕ್ರಗಳಿದ್ದವು. ನನ್ನ ಹೆಂಡತಿಯ ತಳ್ಳುಗಾಡಿ ಮಾತು ಕೇಳಿದಾಗೆಲ್ಲ ನನಗೆ ಆ ರೋಬಾಟು ನೆನಪಾಗುತ್ತದೆ. ಅದೇ ವರ್ಷ ಅಮೆರಿಕದ ಸಮ್ಮರ್ ಜೆಂಟ್ರಿ ಎಂಬ ಗಣಿತಜ್ಞೆ, ಸ್ವತಃ ಸ್ವಿಂಗ್ ನೃತ್ಯಗಾರ್ತಿ, ಜೋಡಿಗಳ ನಡುವೆ ಸ್ಪರ್ಶದ ಮೂಲಕ ಸುದ್ದಿ ಸಾಗುವ ಬಗೆಯ ಮೇಲೆ ಎಂಐಟಿಯಲ್ಲಿ ಪಿಎಚ್‌ಡಿ ಮುಗಿಸಿದರು. ಮೂತ್ರಪಿಂಡ ದಾನಿಗಳನ್ನೂ ರೋಗಿಗಳನ್ನೂ ಅದಲುಬದಲು ಜೋಡಿ ಮಾಡುವ ಗಣಿತದಲ್ಲೂ ಅವರ ಹೆಸರು ದೊಡ್ಡದು. ಜೋಡಿ ಕೂಡಿಸುವ ಗೀಳು ಎಲ್ಲಿಂದೆಲ್ಲಿಗೆ ಒಯ್ಯುತ್ತದೆ ನೋಡಿ.

ತರಗತಿಯಲ್ಲಿ ಎರಡು ಹಾಡಿಗೊಮ್ಮೆ ಜೋಡಿ ಬದಲಾಯಿಸುತ್ತಾರೆ. ಮೊದಲು ನನಗಿದು ಕಿರಿಕಿರಿ. ನನ್ನಷ್ಟೇ ಅಡ್ಡಾದಿಡ್ಡಿ ನಡೆಯುವ ಇನ್ನೊಬ್ಬರ ಜೊತೆ ಬಿದ್ದರೆ ಏನು ಕಲಿತಂತಾಯಿತು? ಹೊಸ ಹೋರಿಯನ್ನು ನೊಗಕ್ಕೆ ಹೂಡುವಾಗ ಪಕ್ಕಕ್ಕೆ ಪಳಗಿದ ಎತ್ತನ್ನು ಕಟ್ಟುವುದು ರೈತರ ಪದ್ಧತಿ, ಎರಡೂ ಹೊಸವಾದರೆ ನೇಗಿಲು ಹೊಲದಾಚೆ ಹೋಗುತ್ತದೆ. ಆದರೆ ಗೌರಿಶಂಕರ್ ಗಣೇಶ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆ ಕಥೆ ಹೇಳುತ್ತದೆ. ಇಬ್ಬರು ಬೇರೆ ಬೇರೆಯಾಗಿ ಕೂತು, ಪರದೆಯ ಮೇಲೆ ಓಡುವ ಗುರಿಯನ್ನು ಕೈಯಿಂದ ಹಿಂಬಾಲಿಸಬೇಕು. ಅವರ ಕೈಗಳನ್ನು ಯಂತ್ರದ ಮೂಲಕ ರಬ್ಬರ್ ಪಟ್ಟಿಯಂಥ ಸಡಿಲ ಸೆಳೆತದಿಂದ ಜೋಡಿಸಿದಾಗ ಇಬ್ಬರೂ ಸುಧಾರಿಸಿದರು. ಜೊತೆಗಾರ ತನಗಿಂತ ಕಳಪೆಯಾಗಿದ್ದರೂ ಸುಧಾರಣೆ ಕಂಡಿತು. ಎದುರಿನವನ ತಪ್ಪು ಮತ್ತು ನನ್ನ ತಪ್ಪು ಒಂದೇ ಅಲ್ಲ, ಎರಡು ತಪ್ಪು ಅಳತೆಗಳ ನಡುವಿನಿಂದ ಮಿದುಳು ಗುರಿಯ ಜಾಗವನ್ನು ಇನ್ನಷ್ಟು ಸರಿಯಾಗಿ ಊಹಿಸಿಕೊಳ್ಳುತ್ತದೆ ಎಂಬುದು ಆಮೇಲೆ ಅವರು ಕೊಟ್ಟ ವಿವರಣೆ. ಗಮನಿಸಿ, ಇಲ್ಲೂ ಸೆಳೆತ ಸಡಿಲವೇ. ಎರಡು ಕೈಗಳನ್ನು ಸಂಕೋಲೆಯಿಂದ ಬಿಗಿದಿರಲಿಲ್ಲ.

ಅಪ್ಪುಗೆಯ ಹಾರ್ಮೋನುಗಳ ಬಗ್ಗೆ ನಾನೇನೂ ಬರೆದಿಲ್ಲ ಎಂದು ಕೆಲವರಿಗೆ ಅನ್ನಿಸಬಹುದು. 2009ರಲ್ಲಿ ಜರ್ಮನಿಯಲ್ಲಿ 22 ಟ್ಯಾಂಗೋ ನೃತ್ಯಗಾರರ ಜೊಲ್ಲಿನ ಪರೀಕ್ಷೆ ಮಾಡಿದಾಗ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿದದ್ದು ಕಂಡಿತು, ಅದಕ್ಕೆ ಮುಖ್ಯ ಕಾರಣ ಸಂಗೀತವೆಂದು ಕಂಡಿತು. ಇಪ್ಪತ್ತೆರಡು ಜನರ ಮೇಲೆ ನಾನು ದೊಡ್ಡ ಮನೆ ಕಟ್ಟಲಾರೆ.

ಗಟ್ಟಿ ನೆಲವಿರುವುದು ಪಾರ್ಕಿನ್ಸನ್ ಕಾಯಿಲೆಯ ಕಡೆ. ಆ ಕಾಯಿಲೆಯವರಿಗೆ ಹೆಜ್ಜೆ ಶುರುಮಾಡುವುದು ಕಷ್ಟ, ತಿರುಗುವುದು ಕಷ್ಟ, ಹಿಂದಕ್ಕೆ ನಡೆಯುವುದು ಇನ್ನೂ ಕಷ್ಟ. ಬಾಗಿಲ ಹೊಸ್ತಿಲಲ್ಲಿ ಕಾಲು ನೆಲಕ್ಕಂಟಿದಂತೆ ನಿಂತುಬಿಡುತ್ತಾರೆ. ಟ್ಯಾಂಗೋದಲ್ಲಿರುವುದು ಇವೇ: ನಿಲ್ಲು, ಹೊರಡು, ತಿರುಗು, ಹಿಂದಕ್ಕೆ ನಡೆ. ಜೊತೆಗೆ, ಎದೆಯ ಹತ್ತಿರ ಇನ್ನೊಬ್ಬರ ನೂರು ಗ್ರಾಂ ಸುದ್ದಿ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೆಡಲಿನ್ ಹ್ಯಾಕ್ನಿ ಮತ್ತು ಗ್ಯಾಮನ್ ಎರ್ಹಾರ್ಟ್ ರೋಗಿಗಳಿಗೆ 13 ವಾರಗಳಲ್ಲಿ ಒಂದೊಂದು ಗಂಟೆಯ 20 ತರಗತಿ ನಡೆಸಿ, 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪು ಟ್ಯಾಂಗೋ ಕಲಿಯಿತು, ಇನ್ನೊಂದು ವಾಲ್ಟ್ಸ್ ಮತ್ತು ಫಾಕ್ಸ್‌ಟ್ರಾಟ್ ಕಲಿಯಿತು, ಮೂರನೆಯದು ಏನೂ ಕಲಿಯಲಿಲ್ಲ. ಕುಣಿದ ಎರಡೂ ಗುಂಪುಗಳ ಸಮತೋಲನ ಸುಧಾರಿಸಿತು, ಹಲವು ಅಳತೆಗಳಲ್ಲಿ ಟ್ಯಾಂಗೋದವರದು ವಾಲ್ಟ್ಸ್‌ನವರಷ್ಟೇ ಅಥವಾ ಅವರಿಗಿಂತ ಹೆಚ್ಚು. ಆಮೇಲೆ ಎರ್ಹಾರ್ಟ್ ಅವರ ತಂಡ ಇದನ್ನೇ ಒಂದು ವರ್ಷ ಕಾಲ ನಡೆಸಿ ನೋಡಿತು, ಆಗಲೂ ಕುಣಿದವರಿಗೆ ಪ್ರಯೋಜನ ಕಂಡಿತು. ಕಾಯಿಲೆ ಗುಣವಾಗಲಿಲ್ಲ, ಔಷಧ ನಿಲ್ಲಿಸುವ ಮಾತೂ ಇಲ್ಲ. ನಡಿಗೆ ಸುಧಾರಿಸಿತು, ಅಷ್ಟೆ.

ಇಪ್ಪತ್ತು ತರಗತಿ ಎಂದೆನಲ್ಲ, ನಮ್ಮದು ಈಗ ಹದಿನಾಲ್ಕು ಮುಗಿದಿವೆ. ನೇರ ನಡೆಯುವಾಗ ಹಾಳೆ ಬೀಳುವುದಿಲ್ಲ, ಮುದುರುವುದೂ ಇಲ್ಲ. ಎಡಕ್ಕೆ ತಿರುಗುವಾಗ ಇನ್ನೂ ಬೀಳುತ್ತದೆ.